ಗೊರಕೆಯ ನಡುವೆ ನಿಲ್ಲುವ ಉಸಿರು: ಸ್ಲೀಪ್ ಆಪ್ನಿಯಾ ಅಪಾಯ ಯಾರಿಗೆ ಹೆಚ್ಚು?

ರಾಯಚೂರು: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಜಿಲ್ಲೆಯಲ್ಲಿ ಮಾಳಿಗೆಯ ಮೇಲೆ, ಅಂಗಳದಲ್ಲಿ ಮನೆಮಂದಿಯೆಲ್ಲ ಸಾಲಾಗಿ ಮಲಗುವುದು ಹಳೆಯ ರೂಢಿ. ರಾತ್ರಿ ಯಾರ ಗೊರಕೆ ಜೋರಾಗಿತ್ತು ಎಂಬುದು ಬೆಳಗಿನ ಚಹಾದ ಹೊತ್ತಿಗೆ ನಗೆಯ ವಿಷಯವಾಗುತ್ತದೆ. ಆದರೆ ಆ ಗೊರಕೆ ನಡುವೆ ಹಠಾತ್ತನೆ ನಿಂತು, ಕೆಲವು ಸೆಕೆಂಡುಗಳ ಮೌನದ ಬಳಿಕ ಉಸಿರಿಗಾಗಿ ಒದ್ದಾಡುವ ಸದ್ದಿನೊಂದಿಗೆ ಮತ್ತೆ ಆರಂಭವಾದರೆ ಅದು ನಗುವ ಸಂಗತಿಯಲ್ಲ. ವೈದ್ಯಕೀಯ ವಿಜ್ಞಾನ ಅದನ್ನು ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಎಂದು ಗುರುತಿಸುತ್ತದೆ.

ಗಾಢ ನಿದ್ರೆಯ ಲಕ್ಷಣವೇ ಗೊರಕೆ ಎಂಬ ನಂಬಿಕೆ ಹಳ್ಳಿ, ಪಟ್ಟಣಗಳೆಂಬ ಭೇದವಿಲ್ಲದೆ ಬೇರೂರಿದೆ. ವಾಸ್ತವದಲ್ಲಿ ಈ ತೊಂದರೆ ಇರುವವರು ಎಂಟು ಗಂಟೆ ಮಲಗಿದರೂ ಸರಿಯಾಗಿ ನಿದ್ರಿಸಿರುವುದಿಲ್ಲ. ರೋಗಿಗೆ ತನ್ನ ಉಸಿರು ನಿಂತದ್ದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾದರೂ ಅದು ರೋಗವೆಂದು ಅನಿಸುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವ ಕಾಯಿಲೆಗಳ ಸಾಲಿನಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನವಿದೆ.

ಹಿಂದಿ ಚಿತ್ರರಂಗದ ಖ್ಯಾತ ಸಂಗೀತ ನಿರ್ದೇಶಕ, ಕನ್ನಡದ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೂ ಸಂಗೀತ ನೀಡಿದ್ದ ಬಪ್ಪಿ ಲಹರಿ 2022ರ ಫೆಬ್ರುವರಿ 15ರಂದು ಮುಂಬೈನಲ್ಲಿ ನಿಧನರಾದಾಗ, ಅವರನ್ನು ಬಾಧಿಸುತ್ತಿದ್ದ ಕಾಯಿಲೆಗಳಲ್ಲಿ ಸ್ಲೀಪ್ ಆಪ್ನಿಯಾವನ್ನು ವೈದ್ಯರು ಪ್ರಮುಖವಾಗಿ ಹೆಸರಿಸಿದ್ದರು. ಅನೇಕ ಭಾರತೀಯರು ಈ ಕಾಯಿಲೆಯ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ಆಗಲೇ.

ಏನಿದು ಸ್ಲೀಪ್ ಆಪ್ನಿಯಾ?

ಆಪ್ನಿಯಾ ಎಂಬುದು ಗ್ರೀಕ್ ಮೂಲದ ಪದ. ಉಸಿರಿಲ್ಲದಿರುವುದು ಎಂಬುದು ಇದರ ಅರ್ಥ. ನಿದ್ರೆಯಲ್ಲಿ ಕನಿಷ್ಠ 10 ಸೆಕೆಂಡು ಉಸಿರಾಟ ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕಲಾಗುತ್ತದೆ. ಉಸಿರಾಟ ಪೂರ್ತಿ ನಿಲ್ಲದೆ ಗಣನೀಯವಾಗಿ ಕುಗ್ಗಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ಗಂಟೆಗೆ ಇಂತಹ ಘಟನೆಗಳು 5ರಿಂದ 15ರೊಳಗೆ ಇದ್ದರೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30ಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ವಿಂಗಡಿಸಲಾಗಿದೆ. ತೀವ್ರ ಹಂತದ ರೋಗಿಯ ಉಸಿರಾಟಕ್ಕೆ ಎರಡು ನಿಮಿಷಕ್ಕೊಮ್ಮೆಯಾದರೂ ಅಡ್ಡಿಯಾಗುತ್ತದೆ ಎಂದರೆ ರೋಗದ ಗಾಂಭೀರ್ಯ ಅರ್ಥವಾದೀತು.

ನಿದ್ರೆಗೆ ಜಾರಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ. ಶ್ವಾಸಮಾರ್ಗ ಮೊದಲೇ ಕಿರಿದಾಗಿದ್ದವರಲ್ಲಿ ಅದು ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಕುಸಿದಾಗ ಮೆದುಳು ಅಪಾಯದ ಸಂಕೇತ ನೀಡಿ ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ಉಸಿರು ಮರಳುತ್ತದೆ, ನಿದ್ರೆ ಮತ್ತೆ ಬರುತ್ತದೆ, ಮತ್ತೆ ಉಸಿರು ಕಟ್ಟುತ್ತದೆ. ಪ್ರತಿ ಬಾರಿಯೂ ಹೃದಯದ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಈ ಬಗೆಯನ್ನು ಅಬ್‌ಸ್ಟ್ರಕ್ಟಿವ್ ಅಥವಾ ಅಡಚಣೆಯ ಆಪ್ನಿಯಾ ಎನ್ನುತ್ತಾರೆ. ಬಹುಪಾಲು ರೋಗಿಗಳು ಈ ವರ್ಗಕ್ಕೇ ಸೇರಿದವರು. ಶ್ವಾಸಮಾರ್ಗ ತೆರೆದಿದ್ದರೂ ಮೆದುಳಿನಿಂದ ಉಸಿರಾಟದ ಆದೇಶವೇ ಹೊರಡದಿರುವುದು ಸೆಂಟ್ರಲ್ ಆಪ್ನಿಯಾ. ಹೃದಯ ವೈಫಲ್ಯ, ಪಾರ್ಶ್ವವಾಯು ಪೀಡಿತರಲ್ಲಿ ಹಾಗೂ ಅಫೀಮು ಮೂಲದ ನೋವುನಿವಾರಕಗಳನ್ನು ದೀರ್ಘಕಾಲ ಬಳಸುವವರಲ್ಲಿ ಇದು ಕಂಡುಬರುತ್ತದೆ.

ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದೇಶದ ವಯಸ್ಕರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಅಡಚಣೆಯ ಆಪ್ನಿಯಾ ಇದೆ. ಪುರುಷರಲ್ಲಿ ಶೇ 13, ಮಹಿಳೆಯರಲ್ಲಿ ಶೇ 5. ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರು ಇದರಿಂದ ಬಳಲುತ್ತಿದ್ದಾರೆ ಎಂಬುದು ಆ ವಿಶ್ಲೇಷಣೆಯ ಅಂದಾಜು.

ಸ್ಥೂಲಕಾಯ ಮತ್ತು ಕೊರಳಿನ ಸುತ್ತಳತೆ

ಅಪಾಯಕಾರಿ ಅಂಶಗಳಲ್ಲಿ ಮೊದಲನೆಯದು ಬೊಜ್ಜು. ಹೊಟ್ಟೆಯ ಬೊಜ್ಜಿನಂತೆಯೇ ನಾಲಿಗೆ ಮತ್ತು ಗಂಟಲಿನ ಸುತ್ತಲೂ ಕೊಬ್ಬು ಶೇಖರವಾಗಿ ಶ್ವಾಸಮಾರ್ಗವನ್ನು ಕಿರಿದಾಗಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ತೂಕ ಶೇ 10ರಷ್ಟು ಏರಿದವರಲ್ಲಿ ಮಧ್ಯಮ ಅಥವಾ ತೀವ್ರ ಹಂತದ ತೊಂದರೆ ಕಾಣಿಸಿಕೊಳ್ಳುವ ಸಂಭವ ಆರು ಪಟ್ಟು ಹೆಚ್ಚಿತ್ತು. ತೂಕ ಶೇ 10ರಷ್ಟು ಇಳಿಸಿಕೊಂಡವರಲ್ಲಿ ಉಸಿರುಕಟ್ಟುವ ಪ್ರಮಾಣ ಸುಮಾರು ಶೇ 26ರಷ್ಟು ತಗ್ಗಿತ್ತು.

ಭಾರತೀಯರ ಮಟ್ಟಿಗೆ ಬೊಜ್ಜಿನ ಅಳತೆಗೋಲೇ ಬೇರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಮ್ಮಲ್ಲಿ ಅದನ್ನು ಬೊಜ್ಜು ಎಂದೇ ಪರಿಗಣಿಸಲಾಗುತ್ತದೆ. ಅಂದರೆ 165 ಸೆಂಟಿಮೀಟರ್ ಎತ್ತರ, 70 ಕಿಲೋ ತೂಕವಿರುವ ವ್ಯಕ್ತಿ ಕಣ್ಣಿಗೆ ದಪ್ಪಗೆ ಕಾಣದಿದ್ದರೂ ಈ ಗಡಿ ದಾಟಿರುತ್ತಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು.

ಕೊರಳಿನ ಸುತ್ತಳತೆ ಇನ್ನೊಂದು ಸರಳ ಸೂಚಕ. ಪುರುಷರಲ್ಲಿ 17 ಇಂಚು, ಮಹಿಳೆಯರಲ್ಲಿ 16 ಇಂಚು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ ಅಗತ್ಯ. ದರ್ಜಿಯ ಟೇಪೊಂದಿದ್ದರೆ ಮನೆಯಲ್ಲೇ ಅಳೆದುಕೊಳ್ಳಬಹುದು. ಅಂಗಿಯ ಮೇಲಿನ ಗುಂಡಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದ್ದರೆ ಅದೂ ಒಂದು ಸೂಚನೆಯೇ.

ತೆಳ್ಳಗಿರುವವರು ನಿಶ್ಚಿಂತರಲ್ಲ

ದಪ್ಪಗಿರುವವರಿಗೆ ಮಾತ್ರ ಬರುವ ರೋಗವಿದು ಎಂಬ ತಿಳಿವಳಿಕೆ ತಪ್ಪು. ಏಷ್ಯಾದ ಜನರಲ್ಲಿ ಮುಖದ ಮೂಳೆಗಳ ರಚನೆಯಿಂದಾಗಿ ಕಡಿಮೆ ತೂಕದಲ್ಲೇ ಆಪ್ನಿಯಾ ಕಾಣಿಸಿಕೊಳ್ಳುವುದು ಅಧ್ಯಯನಗಳಿಂದ ದೃಢಪಟ್ಟಿದೆ. ಕೆಳದವಡೆ ಚಿಕ್ಕದಾಗಿರುವವರು ಅಥವಾ ಹಿಂದಕ್ಕೆ ಸರಿದಿರುವವರು, ನಾಲಿಗೆ ದಪ್ಪಗಿರುವವರು, ಬಾಯಿ ಅಗಲಿಸಿದಾಗ ಕಿರುನಾಲಿಗೆ ಕಾಣದಷ್ಟು ಗಂಟಲು ಇಕ್ಕಟ್ಟಾಗಿರುವವರು ಅಪಾಯದ ಗುಂಪಿನಲ್ಲಿದ್ದಾರೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ತೊಂದರೆ ಇದ್ದರೆ ಸಾಧ್ಯತೆ ಮತ್ತಷ್ಟು ಹೆಚ್ಚು. ದವಡೆಯ ರಚನೆಯೂ ಬೊಜ್ಜಿನ ಪ್ರವೃತ್ತಿಯೂ ವಂಶದಲ್ಲಿ ಹರಿದುಬರುವುದು ಇದಕ್ಕೆ ಕಾರಣ.

ಹಗಲಿಡೀ ಹೊಲದಲ್ಲಿ, ಗೋದಾಮಿನಲ್ಲಿ ದುಡಿಯುವ ತೆಳ್ಳನೆಯ ಕೃಷಿ ಕಾರ್ಮಿಕ ಅಥವಾ ಹಮಾಲಿ 'ಗೊರಕೆ, ಹಗಲು ತೂಕಡಿಕೆ' ಎಂದು ಹೇಳಿಕೊಂಡರೆ ಅದನ್ನು ದಣಿವೆಂದು ತಳ್ಳಿಹಾಕುವುದು ಸುಲಭ. ಪರೀಕ್ಷೆ ಅವರಿಗೂ ಅಗತ್ಯ.

ವಯಸ್ಸು, ಲಿಂಗ ಮತ್ತು ಮಹಿಳೆಯರ ಮೌನ

ವಯಸ್ಸು ಹೆಚ್ಚಿದಂತೆ ಗಂಟಲಿನ ಸ್ನಾಯುಗಳ ಬಿಗಿ ಕಡಿಮೆಯಾಗುತ್ತದೆ. 50 ದಾಟಿದವರಲ್ಲಿ ಅಪಾಯ ಅಧಿಕ. ಪುರುಷರಲ್ಲಿ ಈ ತೊಂದರೆ ಮಹಿಳೆಯರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಆದರೆ ಮುಟ್ಟು ನಿಂತ ಬಳಿಕ ಹಾರ್ಮೋನುಗಳ ರಕ್ಷಣೆ ಕಡಿಮೆಯಾಗಿ ಈ ಅಂತರ ಕಿರಿದಾಗುತ್ತದೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಗೊರಕೆ ಹೊಸದಾಗಿ ಆರಂಭವಾಗಿ ಜೊತೆಗೆ ರಕ್ತದೊತ್ತಡವೂ ಏರಿದ್ದರೆ ವೈದ್ಯರಿಗೆ ತಿಳಿಸಬೇಕು. ಪಿಸಿಓಎಸ್ ಎಂದು ಕರೆಯಲಾಗುವ ಅಂಡಾಶಯದ ತೊಂದರೆ ಇರುವ ಯುವತಿಯರಲ್ಲಿಯೂ ಅಪಾಯ ಹೆಚ್ಚು.

ಮಹಿಳೆಯರಲ್ಲಿ ರೋಗಲಕ್ಷಣಗಳೂ ಭಿನ್ನ. ಜೋರು ಗೊರಕೆಗಿಂತ ಸದಾ ಸುಸ್ತು, ಬೆಳಗಿನ ತಲೆನೋವು, ನಿದ್ರಾಹೀನತೆ, ಖಿನ್ನತೆಯ ರೂಪದಲ್ಲಿ ಅದು ಕಾಣಿಸಿಕೊಳ್ಳಬಹುದು. ಸುಸ್ತು ಎಂದಾಕ್ಷಣ ರಕ್ತಹೀನತೆಯ ಮಾತ್ರೆ ಕೊಡುವುದು ಸಾಮಾನ್ಯ. ರಕ್ತಹೀನತೆ ವ್ಯಾಪಕವಾಗಿರುವ ಈ ಭಾಗದಲ್ಲಿ ಅದು ತಪ್ಪೂ ಅಲ್ಲ. ಆದರೆ ಹಿಮೋಗ್ಲೋಬಿನ್ ಸುಧಾರಿಸಿದ ಮೇಲೂ ಸುಸ್ತು ಉಳಿದರೆ ನಿದ್ರೆಯ ಬಗ್ಗೆ ಕೇಳುವವರು ಬೇಕು.

ಇದಕ್ಕೆ ಸಾಮಾಜಿಕ ಕಾರಣವೂ ಉಂಟು. ಆಪ್ನಿಯಾ ಪತ್ತೆಗೆ ಮೊದಲ ಸಾಕ್ಷಿ ಪಕ್ಕದಲ್ಲಿ ಮಲಗುವವರು. ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಕಟ್ಟಡ ಕೆಲಸಕ್ಕಾಗಿ ಬೆಂಗಳೂರು ಮತ್ತಿತರ ನಗರಗಳಿಗೆ ಗುಳೆ ಹೋಗುವ ಕುಟುಂಬಗಳು ಬಹಳ. ಪತಿ ದೂರದ ಊರಿನ ಶೆಡ್ಡಿನಲ್ಲಿ, ಪತ್ನಿ ಊರಿನಲ್ಲಿ ಮಕ್ಕಳೊಂದಿಗೆ ಇದ್ದಾಗ ಇಬ್ಬರ ನಿದ್ರೆಗೂ ಸಾಕ್ಷಿಗಳಿಲ್ಲ. ಊರಲ್ಲಿ ಒಬ್ಬರೇ ಉಳಿದ ವೃದ್ಧರ ಸ್ಥಿತಿಯೂ ಇದೇ. ಇಂಥವರು ಗೊರಕೆಯ ದೂರಿಗೆ ಕಾಯದೆ, ಹಗಲಿನ ಲಕ್ಷಣಗಳನ್ನು ಗಮನಿಸಬೇಕಾಗುತ್ತದೆ.

ಕಟ್ಟಿದ ಮೂಗು, ತಂಬಾಕು

ಮೂಗಿನ ಅಲರ್ಜಿ, ಮೂಗಿನ ನಡುಗೋಡೆಯ ವಕ್ರತೆ, ಮೂಗಿನೊಳಗಿನ ದುರ್ಮಾಂಸ ಇವು ಬಾಯಿಯಿಂದ ಉಸಿರಾಡುವಂತೆ ಮಾಡಿ ಗೊರಕೆಯನ್ನೂ ಆಪ್ನಿಯಾವನ್ನೂ ಉಲ್ಬಣಗೊಳಿಸುತ್ತವೆ. ರಾಯಚೂರು ನಗರ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ತೌಡು ಮತ್ತು ಹೊಟ್ಟಿನ ದೂಳಿನ ನಡುವೆ, ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿ ನೂಲಿನ ದೂಳಿನ ನಡುವೆ ದುಡಿಯುವವರಿಗೆ ಮೂಗು ಕಟ್ಟುವುದು ನಿತ್ಯದ ಅನುಭವ. ಕೇವಲ ದೂಳಿನಿಂದ ಆಪ್ನಿಯಾ ಬಂದುಬಿಡುತ್ತದೆ ಎಂದಲ್ಲ. ಆದರೆ ಕೊರಳು ದಪ್ಪಗಿದ್ದು ಮೂಗೂ ಕಟ್ಟಿದ್ದರೆ ತೊಂದರೆ ದ್ವಿಗುಣವಾಗುತ್ತದೆ. ಬೀಡಿ, ಸಿಗರೇಟಿನ ಹೊಗೆ ಗಂಟಲಿನ ಒಳಪದರದಲ್ಲಿ ಊತ ಉಂಟುಮಾಡುವುದರಿಂದ ಧೂಮಪಾನಿಗಳಲ್ಲೂ ಅಪಾಯ ಹೆಚ್ಚು.

ಮದ್ಯ, ನಿದ್ರೆ ಮಾತ್ರೆ, ಕಲಬೆರಕೆ ಸೇಂದಿ

ಮದ್ಯ ಸೇವಿಸಿ ಮಲಗಿದರೆ ನಿದ್ರೆ ಬೇಗ ಬರುವುದೇನೋ ನಿಜ. ಆದರೆ ಅದು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತದೆ, ಉಸಿರು ಕಟ್ಟಿದಾಗ ಎಚ್ಚರಿಸಬೇಕಾದ ಮೆದುಳನ್ನೂ ಮಂದಗೊಳಿಸುತ್ತದೆ. ಎರಡೂ ಕಡೆಯಿಂದ ಹಾನಿ. ವೈದ್ಯರ ಸಲಹೆ ಇಲ್ಲದೆ ಅಂಗಡಿಯಿಂದ ತಂದು ನುಂಗುವ ನಿದ್ರೆ ಮಾತ್ರೆಗಳೂ ಹೀಗೆಯೇ. ನಿದ್ರೆ ಸರಿಯಿಲ್ಲವೆಂದು ಮಾತ್ರೆಯ ಮೊರೆ ಹೋಗುವ ಆಪ್ನಿಯಾ ರೋಗಿ ತನ್ನ ಕಾಯಿಲೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತಾನೆ.

ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ರಾಯಚೂರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯನ್ನು ಪೊಲೀಸರು ಮತ್ತು ಅಬಕಾರಿ ಅಧಿಕಾರಿಗಳು ಇಲ್ಲಿ ಹಲವು ಬಾರಿ ವಶಪಡಿಸಿಕೊಂಡಿದ್ದಾರೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. 19ನೇ ಶತಮಾನದಲ್ಲಿ ನಿದ್ರಾಜನಕ ಔಷಧವಾಗಿ ಬಳಕೆಗೆ ಬಂದ ರಾಸಾಯನಿಕವಿದು. ಪ್ರಮಾಣ ಮೀರಿದರೆ ಆರೋಗ್ಯವಂತರ ಉಸಿರಾಟವನ್ನೂ ಕುಗ್ಗಿಸುವ ಈ ಪುಡಿ, ನಿದ್ರೆಯಲ್ಲಿ ಮೊದಲೇ ಉಸಿರುಕಟ್ಟುವವರ ಪಾಲಿಗೆ ಪ್ರಾಣಾಂತಕವಾಗಬಲ್ಲದು.

ಬಿಪಿ, ಸಕ್ಕರೆ ಕಾಯಿಲೆ ಇರುವವರು

ಮೂರು ಬಗೆಯ ಮಾತ್ರೆ ನುಂಗಿದರೂ ಹತೋಟಿಗೆ ಬಾರದ ರಕ್ತದೊತ್ತಡವಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪ್ನಿಯಾ ಇರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡನೇ ಬಗೆಯ ಮಧುಮೇಹ, ಹೃದಯ ಬಡಿತದ ಏರುಪೇರು, ಹೃದಯ ವೈಫಲ್ಯ, ಪಾರ್ಶ್ವವಾಯು, ಥೈರಾಯ್ಡ್ ಕೊರತೆ ಇರುವವರೂ ಪರೀಕ್ಷೆಗೆ ಒಳಗಾಗುವುದು ಒಳಿತು. ಇವುಗಳಲ್ಲಿ ಕೆಲವು ಆಪ್ನಿಯಾಕ್ಕೆ ಕಾರಣವಾದರೆ, ಕೆಲವು ಅದರ ಪರಿಣಾಮ. ಕೆಲವು ಎರಡೂ ಹೌದು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆ ಅಥವಾ ವಯಸ್ಸಿನ ತಲೆಗೆ ಕಟ್ಟುವ ಮುನ್ನ ಉಸಿರಾಟದ ಕಡೆಗೂ ಗಮನ ಹರಿಸಬೇಕು.

ಶಸ್ತ್ರಚಿಕಿತ್ಸೆಗೆ ಒಳಗಾಗುವವರು ತಮಗೆ ಗೊರಕೆ, ಉಸಿರುಕಟ್ಟುವ ತೊಂದರೆ ಇದ್ದರೆ ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ಹೇಳುವುದು ಕಡ್ಡಾಯವೆಂದೇ ತಿಳಿಯಬೇಕು. ಅರಿವಳಿಕೆ ಮತ್ತು ನೋವಿನ ಔಷಧಗಳು ಇಂಥವರ ಶ್ವಾಸಮಾರ್ಗಕ್ಕೆ ಹೆಚ್ಚುವರಿ ಅಪಾಯ ತರುತ್ತವೆ.

ಮಕ್ಕಳೂ ಹೊರತಲ್ಲ

ಎರಡರಿಂದ ಎಂಟು ವರ್ಷದ ಮಕ್ಕಳಲ್ಲಿ ಆಪ್ನಿಯಾಕ್ಕೆ ಮುಖ್ಯ ಕಾರಣ ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡೆನಾಯ್ಡ್ ಗ್ರಂಥಿಗಳು. ಬಾಯಿ ತೆರೆದು ಮಲಗುವುದು, ನಿತ್ಯ ಗೊರಕೆ, ಕುತ್ತಿಗೆ ಹಿಂದಕ್ಕೆ ಚಾಚಿ ವಿಚಿತ್ರ ಭಂಗಿಯಲ್ಲಿ ನಿದ್ರಿಸುವುದು, ಒಮ್ಮೆ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಕಾಣಿಸಿಕೊಳ್ಳುವುದು ಇದರ ಲಕ್ಷಣಗಳು. ದೊಡ್ಡವರಂತೆ ತೂಕಡಿಸುವ ಬದಲು ಮಕ್ಕಳು ಚಂಚಲರಾಗುತ್ತಾರೆ, ಪಾಠದಲ್ಲಿ ಹಿಂದೆ ಬೀಳುತ್ತಾರೆ. ಶಿಕ್ಷಕರ ದೃಷ್ಟಿಯಲ್ಲಿ ತುಂಟ ಎನಿಸಿದ ಮಗು ವಾಸ್ತವದಲ್ಲಿ ನಿದ್ರೆಗೆಟ್ಟ ಮಗುವಾಗಿರಬಹುದು. ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ತೊಂದರೆ ಬಹಳ ಸಾಮಾನ್ಯ.

ಚಾಲಕರು ಮತ್ತು ಪಾಳಿ ಕಾರ್ಮಿಕರು

ಆಪ್ನಿಯಾ ಇರುವವರು ವಾಹನ ಅಪಘಾತಕ್ಕೆ ಈಡಾಗುವ ಸಂಭವ ಇತರರಿಗಿಂತ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು. ರಾಯಚೂರಿನಿಂದ ಬೆಂಗಳೂರಿಗೆ 400 ಕಿಲೋಮೀಟರ್‌ಗೂ ಅಧಿಕ ದೂರವನ್ನು ರಾತ್ರಿಯಿಡೀ ಕ್ರಮಿಸುವ ಬಸ್ಸುಗಳ ಚಾಲಕರು, ಭತ್ತ ಮತ್ತು ಅಕ್ಕಿ ಸಾಗಿಸುವ ಲಾರಿ ಚಾಲಕರು ಗಂಟೆಗಟ್ಟಲೆ ಕೂತೇ ದುಡಿಯುತ್ತಾರೆ. ಹೊತ್ತಲ್ಲದ ಹೊತ್ತಿನ ಊಟ, ತಂಬಾಕು, ಬೊಜ್ಜು ಎಲ್ಲವೂ ಅವರಲ್ಲಿ ಒಟ್ಟುಗೂಡುತ್ತವೆ. ಒಬ್ಬ ಚಾಲಕನ ಕ್ಷಣಮಾತ್ರದ ತೂಕಡಿಕೆಗೆ ಹತ್ತಾರು ಜೀವಗಳು ಬೆಲೆ ತೆರಬೇಕಾಗುತ್ತದೆ.

ಶಕ್ತಿನಗರ ಮತ್ತು ಯರಮರಸ್‌ನ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು, ಹಟ್ಟಿ ಚಿನ್ನದ ಗಣಿಯ ಪಾಳಿ ಕಾರ್ಮಿಕರ ವಿಷಯ ಸ್ವಲ್ಪ ಬೇರೆ. ರಾತ್ರಿ ಪಾಳಿಯೇ ಆಪ್ನಿಯಾ ತರುತ್ತದೆ ಎನ್ನಲಾಗದು. ಆದರೆ ಅದು ರೋಗವನ್ನು ಮರೆಮಾಚುತ್ತದೆ. ತೂಕಡಿಕೆಗೆ ಪಾಳಿಯೇ ಕಾರಣವೆಂದು ಕಾರ್ಮಿಕರೂ ಮನೆಯವರೂ ನಂಬಿಬಿಡುತ್ತಾರೆ. ವಾರದ ರಜೆಯಲ್ಲಿ ಚೆನ್ನಾಗಿ ಮಲಗಿದ ಮೇಲೂ ನಿದ್ರೆಯ ಮಂಪರು ಹೋಗದಿದ್ದರೆ ಕಾರಣ ಬೇರೆಯೇ ಇದೆ ಎಂದು ತಿಳಿಯಬೇಕು.

ಎಂಟು ಪ್ರಶ್ನೆಗಳ ಸ್ವಯಂ ಪರೀಕ್ಷೆ

ಕೆನಡಾದ ಟೊರಾಂಟೊದಲ್ಲಿ 2008ರಲ್ಲಿ ರೂಪುಗೊಂಡು ಇಂದು ವಿಶ್ವದಾದ್ಯಂತ ಬಳಕೆಯಲ್ಲಿರುವ 'ಸ್ಟಾಪ್-ಬ್ಯಾಂಗ್' ಪ್ರಶ್ನಾವಳಿಯನ್ನು ಯಾರು ಬೇಕಾದರೂ ಉತ್ತರಿಸಿಕೊಳ್ಳಬಹುದು.

* ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೀರಾ?
* ಹಗಲಿನಲ್ಲಿ ಆಗಾಗ್ಗೆ ಸುಸ್ತು, ನಿದ್ರೆ ಆವರಿಸುತ್ತದೆಯೇ?
* ನಿದ್ರೆಯಲ್ಲಿ ನಿಮ್ಮ ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿದ್ದಾರೆಯೇ?
* ರಕ್ತದೊತ್ತಡ ಇದೆಯೇ, ಅಥವಾ ಅದಕ್ಕೆ ಔಷಧ ಸೇವಿಸುತ್ತಿದ್ದೀರಾ?
* ದೇಹದ ತೂಕದ ಸೂಚ್ಯಂಕ 35ಕ್ಕಿಂತ ಹೆಚ್ಚಿದೆಯೇ?
* ವಯಸ್ಸು 50 ದಾಟಿದೆಯೇ?
* ಕೊರಳಿನ ಸುತ್ತಳತೆ ಪುರುಷರಾದರೆ 17 ಇಂಚು, ಮಹಿಳೆಯಾದರೆ 16 ಇಂಚು ಅಥವಾ ಹೆಚ್ಚಿದೆಯೇ?
* ನೀವು ಪುರುಷರೇ?

'ಹೌದು' ಎಂಬ ಉತ್ತರಗಳು ಎರಡು ಅಥವಾ ಕಡಿಮೆ ಇದ್ದರೆ ಅಪಾಯ ಅಲ್ಪ, ಮೂರು ಅಥವಾ ನಾಲ್ಕಿದ್ದರೆ ಮಧ್ಯಮ, ಐದು ಅಥವಾ ಹೆಚ್ಚಿದ್ದರೆ ಅಧಿಕ. ಇದು ರೋಗ ನಿರ್ಣಯವಲ್ಲ, ವೈದ್ಯರ ಬಳಿಗೆ ಹೋಗಬೇಕೇ ಎಂಬುದರ ಸೂಚನೆ ಮಾತ್ರ. ಕಡಿಮೆ ತೂಕದಲ್ಲೇ ಅಪಾಯಕ್ಕೆ ಸಿಲುಕುವ ಭಾರತೀಯರು ಅಂಕ ಕಡಿಮೆ ಬಂದಿತೆಂದು ಮೈಮರೆಯುವಂತಿಲ್ಲ. ಊಟದ ನಂತರ ಮಾನ್ವಿಯಿಂದ ರಾಯಚೂರಿಗೆ ಬಸ್ಸು ಹತ್ತಿದವರು ಒಮ್ಮೊಮ್ಮೆ ತೂಕಡಿಸುವುದು ಸಹಜ. ಆದರೆ ಎದುರಿಗಿರುವವರೊಂದಿಗೆ ಮಾತನಾಡುತ್ತಿರುವಾಗಲೇ, ಬೈಕ್ ಓಡಿಸುತ್ತಿರುವಾಗಲೇ ಕಣ್ಣು ಮುಚ್ಚಿಕೊಂಡರೆ ಅದು ಸಹಜವಲ್ಲ.

ಪರೀಕ್ಷೆ ಮತ್ತು ಪರಿಹಾರ

ರೋಗ ಖಚಿತವಾಗುವುದು ನಿದ್ರಾ ಪರೀಕ್ಷೆಯಿಂದ. ರಾತ್ರಿಯಿಡೀ ಮೆದುಳಿನ ಅಲೆಗಳು, ಉಸಿರಾಟ, ಆಮ್ಲಜನಕದ ಪ್ರಮಾಣ, ಹೃದಯ ಬಡಿತವನ್ನು ದಾಖಲಿಸುವ ಪರೀಕ್ಷೆಗೆ ಪಾಲಿಸೋಮ್ನೋಗ್ರಫಿ ಎಂದು ಹೆಸರು. ಮನೆಯಲ್ಲೇ ಧರಿಸಿ ಮಲಗಬಹುದಾದ ಸರಳ ಉಪಕರಣಗಳೂ ಬಂದಿವೆ.

ಚಿಕಿತ್ಸೆಯಲ್ಲಿ ತೂಕ ಇಳಿಕೆ, ಮಗ್ಗುಲಾಗಿ ಮಲಗುವುದು, ಮದ್ಯ ಮತ್ತು ತಂಬಾಕು ತ್ಯಾಗ ಮೊದಲ ಹೆಜ್ಜೆಗಳು. ಮಧ್ಯಮ ಮತ್ತು ತೀವ್ರ ಹಂತದಲ್ಲಿ ಸಿ-ಪ್ಯಾಪ್ ಯಂತ್ರ ಪ್ರಮುಖ ಚಿಕಿತ್ಸೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಯಂತ್ರ, ಮೂಗಿಗೆ ಅಳವಡಿಸಿದ ಮಾಸ್ಕ್ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಶ್ವಾಸಮಾರ್ಗ ಮುಚ್ಚದಂತೆ ನೋಡಿಕೊಳ್ಳುತ್ತದೆ. ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ದಂತ ಸಾಧನ, ಆಯ್ದ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯೂ ಉಂಟು. ಬೊಜ್ಜಿನೊಂದಿಗೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅನುಮೋದಿಸಿತು. 2025ರ ಮಾರ್ಚ್‌ನಲ್ಲಿ ಈ ಔಷಧ ಮಧುಮೇಹ ಮತ್ತು ತೂಕ ನಿಯಂತ್ರಣಕ್ಕಾಗಿ ಭಾರತದ ಮಾರುಕಟ್ಟೆಗೂ ಬಂದಿತು. ತಜ್ಞರ ನಿಗಾ ಇಲ್ಲದೆ ಇದನ್ನು ಬಳಸುವಂತಿಲ್ಲ.

ಸಿ-ಪ್ಯಾಪ್ ಯಂತ್ರದ ಬೆಲೆ ಹತ್ತಾರು ಸಾವಿರ ರೂಪಾಯಿ. ಅದನ್ನು ಪ್ರತಿ ರಾತ್ರಿ ಬಳಸಲು ಅಡೆತಡೆಯಿಲ್ಲದ ವಿದ್ಯುತ್ ಬೇಕು. ರಾಜ್ಯಕ್ಕೆ ವಿದ್ಯುತ್ ನೀಡುವ ಜಿಲ್ಲೆಯಲ್ಲೂ ಹಳ್ಳಿಯ ರೋಗಿಗೆ ಇವೆರಡೂ ಸುಲಭದ ಮಾತಲ್ಲ. ತಜ್ಞ ಚಿಕಿತ್ಸೆಗಾಗಿ ದೂರದ ನಗರಗಳಿಗೆ ಅಲೆಯುವ ಈ ಭಾಗದ ಜನರ ಬವಣೆಯೇ 2022ರಲ್ಲಿ ರಾಯಚೂರಿನಲ್ಲಿ ಏಮ್ಸ್‌ಗಾಗಿ ಅನಿರ್ದಿಷ್ಟಾವಧಿ ಧರಣಿ ಆರಂಭವಾಗಲು ಕಾರಣವಾಗಿತ್ತು.

ಆದರೆ ಮೊದಲ ಹೆಜ್ಜೆಗೆ ದೂರ ಹೋಗಬೇಕಿಲ್ಲ, ಹಣವೂ ಬೇಕಿಲ್ಲ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಉಚಿತ. ದೇವದುರ್ಗ, ಮಾನ್ವಿಯ ಸರ್ಕಾರಿ ಆಸ್ಪತ್ರೆಗಳಿಗೆ ಬಿಪಿ ಮಾತ್ರೆಗಾಗಿ ಹೋದಾಗಲೇ ಗೊರಕೆಯ ವಿಷಯವನ್ನೂ ವೈದ್ಯರ ಕಿವಿಗೆ ಹಾಕಬಹುದು. ಹೆಚ್ಚಿನ ತಪಾಸಣೆಗೆ ರಾಯಚೂರು ನಗರದಲ್ಲಿ ಸರ್ಕಾರಿ ರಿಮ್ಸ್ ಹಾಗೂ ಖಾಸಗಿ ನವೋದಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರನ್ನು ಕಾಣುವುದು ಸೂಕ್ತ.

ಹೋಗುವಾಗ ರೋಗಿಯೊಬ್ಬರೇ ಹೋಗುವುದಕ್ಕಿಂತ ರಾತ್ರಿ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಬೇಕು. ಅದು ಸಾಧ್ಯವಾಗದಿದ್ದರೆ ಮಲಗಿದ್ದಾಗಿನ ಐದಾರು ನಿಮಿಷಗಳ ದೃಶ್ಯವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ತೋರಿಸಿದರೂ ವೈದ್ಯರಿಗೆ ನೆರವಾಗುತ್ತದೆ. ಗೊರಕೆ ಹೊಡೆಯುವವರನ್ನು ಹಾಸ್ಯ ಮಾಡುವ ಮನೆಮಂದಿ, ಒಂದು ರಾತ್ರಿ ಎಚ್ಚರವಿದ್ದು ಆ ಗೊರಕೆಯ ನಡುವಿನ ಮೌನವನ್ನು ಗಮನಿಸಿದರೆ ಒಂದು ಜೀವ ಉಳಿಯಬಹುದು.